ಯಾರ ನಂಬಿಕೆ ಧರ್ಮ, ಯಾರದು ಮೌಢ್ಯ?

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಬಗ್ಗೆ ಒಂದು ಸಿದ್ಧ ಕಥೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಯುರೋಪಿನಿಂದ ಹಡಗು ಹತ್ತಿದ ಬಡವರು ಗಂಟುಮೂಟೆಗಳ ಜೊತೆ ಭೂತ, ಮಾಟ, ಶಕುನ, ತಾಯಿತಗಳನ್ನೂ ಹೊತ್ತು ತಂದರಂತೆ. ಶಾಲೆ, ಪತ್ರಿಕೆ, ರೈಲು, ತಂತಿ ಕಾಲಿಟ್ಟಲ್ಲೆಲ್ಲ ಅವು ಒಂದೊಂದಾಗಿ ಉದುರಿಹೋದವಂತೆ. ಕೊನೆಗೆ ಉಳಿದದ್ದು ಗುಡ್ಡಗಾಡಿನ ಅನಕ್ಷರಸ್ಥರಲ್ಲಿ, ಗುಲಾಮರಲ್ಲಿ, ಮೂಲನಿವಾಸಿಗಳಲ್ಲಿ ಮಾತ್ರವಂತೆ. ಇತ್ತ ಚರ್ಚುಗಳಲ್ಲಿ ನೆಲೆಯೂರಿದ್ದ ಪ್ರಾಟೆಸ್ಟೆಂಟ್ ಧರ್ಮವೋ ಗ್ರಂಥ ಓದುವ, ತರ್ಕಿಸುವ, ಪವಾಡಗಳಿಗೆ ಬೆನ್ನು ತಿರುಗಿಸಿದ ಧರ್ಮವಂತೆ. ಈ ಕಥೆಗೆ ಪಂಡಿತರ ಬೆಂಬಲವೂ ಇದೆ. ಆಧುನಿಕತೆ ಎಂದರೆ ಜಗತ್ತು ತನ್ನ ಮಾಯೆಯನ್ನು ಕಳೆದುಕೊಳ್ಳುವುದು ಎಂದು ಮ್ಯಾಕ್ಸ್ ವೆಬರ್ 1917ರ ಉಪನ್ಯಾಸದಲ್ಲಿ ಹೇಳಿದ ಮೇಲೆ ಅದಕ್ಕೆ ಸಿದ್ಧಾಂತದ ಗೌರವವೂ ದಕ್ಕಿತು. ಸಾಹಿತ್ಯ ಅದಕ್ಕಿಂತ ಮೊದಲೇ ತನ್ನ ಕೆಲಸ ಮಾಡಿತ್ತು. 1876ರಲ್ಲಿ ಬಂದ ಮಾರ್ಕ್ ಟ್ವೇನನ ‘ಟಾಮ್ ಸಾಯರ್’ ಓದಿದವರಿಗೆ ಸತ್ತ ಬೆಕ್ಕಿನಿಂದ ನರುಳ್ಳೆ ಹೋಗಿಸುವ ವಿದ್ಯೆ ಹುಡುಗರ ಚೇಷ್ಟೆಯಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಈ ಕಥೆಯ ಪ್ರತಿಯೊಂದು ಕೊಂಡಿಯೂ ಸಡಿಲ ಎಂಬುದು ಇಲ್ಲಿನ ವಾದ. ಜನಪದ ನಂಬಿಕೆ ಆ ಶತಮಾನದ ಅಮೆರಿಕದಲ್ಲಿ ಧರ್ಮದ ಹೊರಗೆ ಬಿದ್ದಿದ್ದ ಕಸವಾಗಿರಲಿಲ್ಲ. ಧರ್ಮ ಕಟ್ಟಿದ್ದೇ ಅದರಿಂದ. ಯಾವುದನ್ನು ಧರ್ಮ ಎನ್ನಬೇಕು, ಯಾವುದನ್ನು ಮೌಢ್ಯ ಎನ್ನಬೇಕು ಎಂಬ ಗೆರೆಯನ್ನು ಎಳೆದದ್ದು ಪುರಾವೆಯಲ್ಲ, ಅಧಿಕಾರ.

ಮೊದಲು ಅಜ್ಞಾನದ ವಾದವನ್ನೇ ನೋಡೋಣ. 1870ರ ಜನಗಣತಿಯ ವೇಳೆಗೆ ಬಿಳಿಯ ಅಮೆರಿಕನ್ನರಲ್ಲಿ ಓದುಬರಹ ಬಾರದವರು ಶೇ. 12ಕ್ಕಿಂತ ಕಡಿಮೆ, ಆ ಕಾಲದ ಜಗತ್ತಿನಲ್ಲಿ ಇದು ಅಪರೂಪದ ಸಾಧನೆ. ಅಜ್ಞಾನವೇ ಕಾರಣವಾಗಿದ್ದರೆ ನಂಬಿಕೆಗಳು ಹೆಚ್ಚು ಹುಲುಸಾಗಿ ಬೆಳೆದದ್ದು ಶಾಲೆಯಿಲ್ಲದ ಕಾಡಿನಲ್ಲಿರಬೇಕಿತ್ತು. ನಡೆದದ್ದು ಬೇರೆ. 1825ರಲ್ಲಿ ಪೂರ್ತಿಯಾದ ಈರಿ ಕಾಲುವೆಯ ದಂಡೆಯಲ್ಲಿ, ಅಂದಿನ ವ್ಯಾಪಾರ ಮತ್ತು ಮುದ್ರಣದ ಹೆದ್ದಾರಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗ ಅವುಗಳ ಮಡಿಲಾಯಿತು. ಕಾಲುವೆಯ ಪಕ್ಕದ ಪಾಲ್ಮೈರಾ ಎಂಬ ಊರಿನ ಬಳಿ ವಾಸವಾಗಿದ್ದ ಜೋಸೆಫ್ ಸ್ಮಿತ್ ಎಂಬ ಯುವಕನಿಗೆ ನೆಲದೊಳಗಿನ ನಿಧಿ ಕಾಣುತ್ತದೆಂಬ ಹೆಸರಿತ್ತು. ಟೋಪಿಯೊಳಗೆ ಒಂದು ಕಲ್ಲನ್ನಿಟ್ಟು, ಬೆಳಕು ನುಸುಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ ಅವನು ನೋಡುತ್ತಿದ್ದ. ಅಂಜನ ಹಾಕಿ ನೋಡುವುದನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಧಿಗೆ ಕಾವಲು ಶಕ್ತಿಗಳಿವೆ, ಅಗೆಯುವಾಗ ಮಾತಾಡಿದರೆ ಅದು ಇನ್ನಷ್ಟು ಆಳಕ್ಕೆ ಜಾರುತ್ತದೆ ಎಂದೆಲ್ಲ ನಂಬಿದ್ದವರು ಕೇವಲ ಕೂಲಿಕಾರರಲ್ಲ. ಜೊಸಾಯ ಸ್ಟೋವೆಲ್ ಎಂಬ ಸ್ಥಿತಿವಂತ ರೈತ 1825ರಲ್ಲಿ ಸ್ಮಿತ್‌ನನ್ನು ಸಂಬಳಕ್ಕೆ ಕರೆದುಕೊಂಡು ಹೋಗಿ ಬೆಳ್ಳಿಯ ಗಣಿ ಹುಡುಕಿಸಿದ. ಮರುವರ್ಷ ಬೇನ್‌ಬ್ರಿಜ್‌ನಲ್ಲಿ ಸ್ಮಿತ್ ನ್ಯಾಯಾಧಿಕಾರಿಯ ಮುಂದೆ ನಿಲ್ಲಬೇಕಾಯಿತು. ಕಳೆದುಹೋದ ವಸ್ತು ಹುಡುಕಿಕೊಡುತ್ತೇನೆ ಎನ್ನುವವರನ್ನು ನ್ಯೂಯಾರ್ಕಿನ ಕಾನೂನು ಅಲೆಮಾರಿ ಪುಂಡರ ಸಾಲಿಗೆ ಸೇರಿಸಿತ್ತು. ನಾಲ್ಕು ವರ್ಷಗಳ ಬಳಿಕ, 1830ರಲ್ಲಿ, ಇದೇ ವ್ಯಕ್ತಿ ಪಾಲ್ಮೈರಾದ ಅಚ್ಚುಕೂಟದಲ್ಲಿ ‘ಬುಕ್ ಆಫ್ ಮಾರ್ಮನ್’ ಗ್ರಂಥದ 5,000 ಪ್ರತಿಗಳನ್ನು ಅಚ್ಚು ಹಾಕಿಸಿ, ಒಂದು ಚರ್ಚನ್ನೇ ಸ್ಥಾಪಿಸಿದ. ಮಣ್ಣಿನಡಿಯ ಚಿನ್ನದ ಫಲಕಗಳು, ಅವನ್ನು ಕಾಯುವ ದೇವದೂತ, ಓದಲು ದಿವ್ಯ ಕಲ್ಲು: ನಿಧಿಶೋಧದ ಪರಿಕರಗಳೆಲ್ಲ ಇಲ್ಲಿ ಧರ್ಮಗ್ರಂಥದ ಪರಿಕರಗಳಾದವು.

ಈ ರೂಪಾಂತರ ಹೇಗೆ ನಡೆಯಿತು ಎಂಬುದಕ್ಕೆ ಅಚ್ಚಿನಲ್ಲೇ ಸಾಕ್ಷಿ ಇದೆ. ಸ್ಮಿತ್‌ನ ಸಹಾಯಕ ಆಲಿವರ್ ಕೌಡರಿಗೆ ಕೋಲು ಹಿಡಿದು ಗುಪ್ತವನ್ನು ತಿಳಿಯುವ ಅಭ್ಯಾಸವಿತ್ತು. ಕವಲುಕೋಲಿನಿಂದ ನೀರು, ಲೋಹ ಹುಡುಕುವ ಪದ್ಧತಿಯ ಬಂಧು ಅದು. 1829ರಲ್ಲಿ ಸ್ಮಿತ್‌ನ ಮೂಲಕ ಅವನಿಗೆ ಬಂದ ದೈವವಾಣಿ ಈ ಶಕ್ತಿಯನ್ನು ದೇವರ ಕೊಡುಗೆಯೆಂದೇ ಮಾನ್ಯ ಮಾಡಿತು. 1833ರಲ್ಲಿ ಮಿಸೌರಿಯಲ್ಲಿ ಅಚ್ಚಾದ ಸಂಕಲನದಲ್ಲಿ ಕೋಲಿನ ಉಲ್ಲೇಖ ನೇರವಾಗಿಯೇ ಇದೆ. ಎರಡೇ ವರ್ಷಗಳ ನಂತರ, 1835ರ ಪರಿಷ್ಕೃತ ಮುದ್ರಣದಲ್ಲಿ ಕೋಲು ಮಾಯವಾಗಿ ಬೈಬಲಿನ ಆರೋನನ ವರ ಬಂದು ಕುಳಿತಿತು. ಅಭ್ಯಾಸ ಬದಲಾಗಿರಲಿಲ್ಲ, ನಂಬಿದವರೂ ಬದಲಾಗಿರಲಿಲ್ಲ; ಸಂಸ್ಥೆಯೊಂದು ತನ್ನ ಹುಟ್ಟಿನ ಗುರುತನ್ನು ಗೌರವಸ್ಥರ ಕಣ್ಣಿಗೆ ಸಲ್ಲುವಂತೆ ತಿದ್ದಿಕೊಂಡಿತು ಅಷ್ಟೆ. ಮಾರ್ಮನ್ನರು ಬೆಲೆ ತೆರದೆ ಗೌರವ ಗಳಿಸಿದರು ಎಂದೇನೂ ಇದರ ಅರ್ಥವಲ್ಲ. 1838ರಲ್ಲಿ ಮಿಸೌರಿಯ ಗವರ್ನರ್ ಅವರನ್ನು ರಾಜ್ಯದಿಂದ ಓಡಿಸಬೇಕು, ಇಲ್ಲವೇ ನಿರ್ಮೂಲ ಮಾಡಬೇಕು ಎಂದು ಆಜ್ಞೆ ಹೊರಡಿಸಿದ. 1844ರಲ್ಲಿ ಇಲಿನಾಯ್‌ನ ಕಾರ್ತೇಜ್ ಸೆರೆಮನೆಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಕೊಂದಿತು. ಆದರೆ ಊರು, ಭೂಮಿ, ಸಂಖ್ಯೆ, ಶಿಸ್ತು ಕೈಸೇರಿದ ಮೇಲೆ ಅದೇ ಪಂಥ ಧರ್ಮವೆನಿಸಿಕೊಂಡಿತು. 2015ರಲ್ಲಿ ಆ ಚರ್ಚೇ ಸ್ಮಿತ್‌ನ ಕಲ್ಲಿನ ಛಾಯಾಚಿತ್ರವನ್ನು ಪ್ರಕಟಿಸಿತು. ಒಂದು ಕಾಲಕ್ಕೆ ನ್ಯಾಯಾಲಯದ ಕಟಕಟೆ ಹತ್ತಿಸಿದ್ದ ವಿದ್ಯೆಯ ಉಪಕರಣ ಇಂದು ಧಾರ್ಮಿಕ ಪರಂಪರೆಯ ವಸ್ತು. ನಡುವೆ ಆ ಕಲ್ಲಿನ ಶಕ್ತಿಗೆ ಹೊಸ ಪುರಾವೆಯೇನೂ ದೊರೆತಿರಲಿಲ್ಲ.

ಇದೊಂದು ವಿಚಿತ್ರ ಪಂಥದ ಕಥೆ, ಮುಖ್ಯವಾಹಿನಿಯ ಕ್ರೈಸ್ತರಿಗೆ ಇದು ಅನ್ವಯಿಸದು ಎಂಬುದು ಇಲ್ಲಿ ಏಳುವ ಮೊದಲ ಪೂರ್ವಪಕ್ಷ. ಹಾಗಾದರೆ ಮುಖ್ಯವಾಹಿನಿಯ ಅಂಗಳಕ್ಕೇ ಹೋಗೋಣ. 1801ರ ಆಗಸ್ಟಿನಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಪ್ರೆಸ್ಬಿಟೇರಿಯನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಬೋಧಕರು ಸಾವಿರಾರು ಜನರ ಮುಂದೆ ಒಟ್ಟಾಗಿ ಉಪದೇಶ ಮಾಡಿದರು. ಅಲ್ಲಿ ಜನ ಕಡಿದು ಹಾಕಿದಂತೆ ನೆಲಕ್ಕುರುಳಿದರು, ಮೈ ನಡುಗಿಸಿದರು, ತಲೆ ಕೊಡವಿದರು, ಕೆಲವರು ನಾಯಿಯಂತೆ ಬೊಗಳಿದರು. ಮೈಮೇಲೆ ಬರುವುದು ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಎಲ್ಲ ಲಕ್ಷಣಗಳೂ ಅಲ್ಲಿದ್ದವು. ಅಮೆರಿಕದ ಚರ್ಚಿನ ಇತಿಹಾಸ ಇದನ್ನು ಧರ್ಮಜಾಗೃತಿ ಎಂದು ದಾಖಲಿಸಿದೆ. ಪೆನ್ಸಿಲ್ವೇನಿಯದ ಜರ್ಮನ್ ರೈತರ ನಡುವೆ 1820ರಲ್ಲಿ ಜೋಹಾನ್ ಗಿಯೋರ್ಗ್ ಹೋಮನ್ ಎಂಬ ವಲಸಿಗ ರೀಡಿಂಗ್ ಪಟ್ಟಣದಲ್ಲಿ ಮಂತ್ರ-ಮದ್ದುಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ರಕ್ತ ನಿಲ್ಲಿಸಲು, ಹಲ್ಲುನೋವಿಗೆ, ದನಗಳ ಕಾಯಿಲೆಗೆ, ಕಳ್ಳರನ್ನು ಕಟ್ಟಿಹಾಕಲು ಅದರಲ್ಲಿ ವಿಧಾನಗಳಿವೆ. ಬಹುಪಾಲು ಮಂತ್ರಗಳು ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲೇ ಮುಗಿಯುತ್ತವೆ. ಅದನ್ನು ಬಳಸುತ್ತಿದ್ದವರು ಚರ್ಚು ಬಿಟ್ಟವರಲ್ಲ. ಭಾನುವಾರ ಲೂಥರನ್ ಅಥವಾ ರಿಫಾರ್ಮ್ಡ್ ಚರ್ಚಿನಲ್ಲಿ ಕೂರುತ್ತಿದ್ದ ಮರ್ಯಾದಸ್ಥ ಕುಟುಂಬಗಳವರು. ದೇವರ ಹೆಸರು ಹೇಳಿ ಗಾಯದ ರಕ್ತ ನಿಲ್ಲಿಸುವುದಕ್ಕೂ ದೇವರ ಹೆಸರು ಹೇಳಿ ಪಾಪ ಕಳೆಯುವುದಕ್ಕೂ ನಡುವೆ ಕಂದಕವಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಆ ಕಂದಕವನ್ನು ತೋಡಿದವರು ನಂತರದ ವಿದ್ವಾಂಸರು.

ವಿಜ್ಞಾನ ಬಂದಂತೆ ನಂಬಿಕೆ ಕರಗಿತು ಎನ್ನುವವರಿಗೆ 1848 ಬಹಳ ತೊಡಕಿನ ವರ್ಷ. ಮೋರ್ಸ್‌ನ ತಂತಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೊದಲ ಅಧಿಕೃತ ಸಂದೇಶ ಒಯ್ದು ನಾಲ್ಕು ವರ್ಷವಾಗುತ್ತಿತ್ತು. ಆ ಮಾರ್ಚ್ 31ರಂದು ನ್ಯೂಯಾರ್ಕಿನ ಹೈಡ್ಸ್‌ವಿಲ್‌ನ ಮನೆಯೊಂದರಲ್ಲಿ ಫಾಕ್ಸ್ ಸಹೋದರಿಯರು ಗೋಡೆಯ ಟಕಟಕ ಸದ್ದಿನೊಡನೆ ಮಾತಿಗಿಳಿದರು. ಸತ್ತವನೊಬ್ಬನ ಆತ್ಮ ಉತ್ತರ ಕೊಡುತ್ತಿದೆ ಎಂದರು. ಮರುವರ್ಷ ರಾಚೆಸ್ಟರಿನ ಕೊರಿಂಥಿಯನ್ ಹಾಲ್‌ನಲ್ಲಿ ಟಿಕೀಟು ಕೊಂಡ ಜನರ ಮುಂದೆ ಪ್ರದರ್ಶನ ನಡೆಯಿತು. ಕಣ್ಣಿಗೆ ಕಾಣದ ವಿದ್ಯುತ್ತು ದೂರದೂರಿನ ಮಾತನ್ನು ಟಕಟಕ ಸದ್ದಾಗಿ ತರಬಲ್ಲುದಾದರೆ, ಪರಲೋಕದ ಮಾತು ಯಾಕೆ ಬರಬಾರದು? ಈ ಪ್ರಶ್ನೆ ತಂತಿಗಿಂತ ಮೊದಲು ಕೇಳಲು ಸಾಧ್ಯವಿರಲಿಲ್ಲ. ಆತ್ಮವಾದ ಎನಿಸಿಕೊಂಡ ಈ ಚಳವಳಿಗೆ 1852ರಲ್ಲಿ ಹುಟ್ಟಿದ ಪತ್ರಿಕೆಯ ಹೆಸರೇ ‘ಸ್ಪಿರಿಚುವಲ್ ಟೆಲಿಗ್ರಾಫ್’. ಬೆನ್ನಿಗೆ ನಿಂತವರು ಯಾರು? ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಹೇರ್ ಇದನ್ನು ಬಯಲಿಗೆಳೆಯಲೆಂದೇ ಉಪಕರಣಗಳನ್ನು ಕಟ್ಟಿ ಪ್ರಯೋಗಕ್ಕಿಳಿದು, ನಂಬಿದವನಾಗಿ ಹೊರಬಂದು, 1855ರಲ್ಲಿ ಅದರ ಮೇಲೆ ದಪ್ಪ ಪುಸ್ತಕ ಬರೆದ. ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಎಡ್ಮಂಡ್ಸ್ ಬಹಿರಂಗವಾಗಿ ಅನುಯಾಯಿಯಾದ. ಆತ್ಮಗಳ ಸದ್ದನ್ನು ವೈಜ್ಞಾನಿಕವಾಗಿ ತನಿಖೆ ಮಾಡಲು ಆಯೋಗ ರಚಿಸಿ ಎಂದು ಕೋರಿದ, ಸುಮಾರು 15,000 ಸಹಿಗಳ ಮನವಿ 1854ರಲ್ಲಿ ಅಮೆರಿಕದ ಸೆನೆಟ್ಟಿಗೆ ಬಂತು. ಸೆನೆಟರರು ನಕ್ಕು ಅದನ್ನು ಪಕ್ಕಕ್ಕಿಟ್ಟರು. ಇಲ್ಲಿ ತನಿಖೆ ಬೇಡಿದವರು ನಂಬುವವರು, ನಕ್ಕು ಬಿಟ್ಟವರು ನಂಬದವರು ಎಂಬುದನ್ನು ಸಿದ್ಧ ಕಥೆ ಹೇಳುವುದೇ ಇಲ್ಲ.

ಎರಡನೆಯ ಪೂರ್ವಪಕ್ಷ ಇಲ್ಲೇ ಎದುರಾಗುತ್ತದೆ: ಅದೆಲ್ಲ ಮೋಸವಲ್ಲವೇ? 1888ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರ ಮೇಲೆ ಮಾರ್ಗರೆಟ್ ಫಾಕ್ಸ್ ತಾನೇ ಕಾಲ್ಬೆರಳ ಕೀಲು ಲಟಕಿಸಿ ಸದ್ದು ಮಾಡಿ ತೋರಿಸಲಿಲ್ಲವೇ? ತೋರಿಸಿದಳು, ಮರುವರ್ಷ ಆ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಳು ಕೂಡ. ಸದ್ದು ಕೀಲಿನದೇ ಎಂದು ಒಪ್ಪಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಆದರೆ ಮೋಸ ಬಯಲಾಗಲು ನಲವತ್ತು ವರ್ಷ ಕಾಯಬೇಕಾಗಿರಲಿಲ್ಲ. 1851ರಲ್ಲೇ ಬಫಲೋದ ಮೂವರು ವೈದ್ಯರು ಆ ಸಹೋದರಿಯರನ್ನು ಪರೀಕ್ಷಿಸಿ ಸದ್ದು ಮಂಡಿಯ ಕೀಲಿನದು ಎಂದು ಪ್ರಕಟಿಸಿದ್ದರು. ಆಮೇಲೆಯೇ ಚಳವಳಿ ದೇಶವ್ಯಾಪಿಯಾದದ್ದು. ಅಂದರೆ ಮೋಸ ಎಂಬುದು ಒಂದು ಪ್ರದರ್ಶನವನ್ನು ವಿವರಿಸುತ್ತದೆ, ಅದಕ್ಕೆ ಓಗೊಟ್ಟ ಲಕ್ಷಾಂತರ ಜನರನ್ನು ವಿವರಿಸುವುದಿಲ್ಲ. ಅವರಿಗೆ ಬೇಕಾಗಿದ್ದುದು ಚರ್ಚು ಕೊಡದೆ ಉಳಿಸಿದ್ದು. ಸತ್ತ ಕೂಸಿಗೆ ನರಕವೇ ಗತಿಯೇನೋ ಎಂಬ ಭಯವನ್ನು ಕಠಿಣ ಕ್ಯಾಲ್ವಿನ್‌ವಾದ ತಾಯಂದಿರ ಎದೆಯಲ್ಲಿ ಬಿತ್ತಿತ್ತು. ಕೂಸು ಸುಖವಾಗಿದೆ ಎಂದು ಆತ್ಮವಾದ ಹೇಳಿತು. ಬಹುತೇಕ ಚರ್ಚುಗಳ ಪೀಠ ಹೆಂಗಸರಿಗೆ ಮುಚ್ಚಿತ್ತು. ಆತ್ಮ ಮೈದುಂಬಿದಾಗ ಮಾತಾಡಲು ಯಾವ ಪಾದ್ರಿಯ ಅಪ್ಪಣೆಯೂ ಬೇಕಿರಲಿಲ್ಲ. ರಾಚೆಸ್ಟರಿನಲ್ಲಿ ಫಾಕ್ಸ್ ಸಹೋದರಿಯರಿಗೆ ಆಶ್ರಯ ಕೊಟ್ಟ ಏಮಿ ಪೋಸ್ಟ್ ಗುಲಾಮಗಿರಿಯ ವಿರೋಧಿ. 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆಗೆ ಸಹಿ ಹಾಕಿದವಳು. ಆತ್ಮವಾದಕ್ಕೂ ಸ್ತ್ರೀಯರ ಹಕ್ಕಿನ ಹೋರಾಟಕ್ಕೂ ಇದ್ದ ನಂಟನ್ನು ಆ್ಯನ್ ಬ್ರಾಡ್ 1989ರ ತಮ್ಮ ಅಧ್ಯಯನದಲ್ಲಿ ಸವಿವರವಾಗಿ ತೋರಿಸಿದ್ದಾರೆ. ಮುಂದೆ ಅಂತರ್ಯುದ್ಧ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ, ಎಷ್ಟೋ ಮನೆಗಳಿಗೆ ಮಗನ ಹೆಣವೂ ಬರದಿದ್ದಾಗ, ಈ ಬಾಗಿಲು ಇನ್ನಷ್ಟು ಜನರಿಗೆ ಬೇಕಾಯಿತು.

ಗೆರೆ ಎಳೆಯುವ ಅಧಿಕಾರ ಎಲ್ಲಕ್ಕಿಂತ ಬೆತ್ತಲಾಗಿ ಕಾಣುವುದು ಗುಲಾಮರ ಬದುಕಿನಲ್ಲಿ. ಫ್ರೆಡರಿಕ್ ಡಗ್ಲಸ್ 1845ರ ಆತ್ಮಕಥೆಯಲ್ಲಿ 1834ರ ಘಟನೆಯೊಂದನ್ನು ದಾಖಲಿಸಿದ್ದಾನೆ. ಗುಲಾಮರನ್ನು ಬಗ್ಗುಬಡಿಯುವುದಕ್ಕೇ ಹೆಸರಾಗಿದ್ದ ಎಡ್ವರ್ಡ್ ಕೋವಿಯ ಹೊಡೆತ ತಾಳಲಾರದೆ ಓಡಿಹೋಗಿದ್ದ ಅವನಿಗೆ ಸ್ಯಾಂಡಿ ಜೆಂಕಿನ್ಸ್ ಎಂಬ ಸಹಗುಲಾಮ ಒಂದು ಬೇರು ಕೊಟ್ಟು, ಸದಾ ಬಲಭಾಗದಲ್ಲಿ ಇಟ್ಟುಕೊಂಡರೆ ಯಾವ ಬಿಳಿಯನೂ ಹೊಡೆಯಲಾರ ಎಂದ. ಡಗ್ಲಸ್ ಅರೆಮನಸ್ಸಿನಿಂದ ಇಟ್ಟುಕೊಂಡ, ಹಿಂದಿರುಗಿದ, ಮತ್ತೆ ಹೊಡೆಯಲು ಬಂದ ಕೋವಿಯ ಕುತ್ತಿಗೆ ಹಿಡಿದು ಸೆಣಸಿ ಗೆದ್ದ. ಗೆಲುವು ಬೇರಿನದು ಎಂಬ ಸ್ಯಾಂಡಿಯ ಮಾತನ್ನು ಅಡಿಟಿಪ್ಪಣಿಗಿಳಿಸಿ, ಅಂಥದು ಅಜ್ಞಾನಿ ಗುಲಾಮರ ಮೂಢನಂಬಿಕೆ ಎಂದು ಬರೆದ. ಉತ್ತರದ ವಿದ್ಯಾವಂತ ಬಿಳಿಯ ಓದುಗರ ಮುಂದೆ ಸಾಕ್ಷಿ ನುಡಿಯುತ್ತಿದ್ದವನು ಹಾಗಲ್ಲದೆ ಬೇರೆ ಹೇಗೆ ಬರೆಯಬಲ್ಲ? ಆದರೆ ಅದೇ ಪುಸ್ತಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆ ಕೋವಿ ಮೆಥಡಿಸ್ಟ್ ಚರ್ಚಿನಲ್ಲಿ ತರಗತಿ ನಡೆಸುವ ಮುಖಂಡ, ಬೆಳಗೂ ಸಂಜೆಯೂ ಪ್ರಾರ್ಥನೆ ತಪ್ಪಿಸದವನು. ಮನುಷ್ಯನನ್ನು ದನದಂತೆ ಬಡಿದು ಬಗ್ಗಿಸಲು ದೇವರ ಸಮ್ಮತಿಯಿದೆ ಎಂದು ನಂಬಿದವನದು ಧರ್ಮ. ಹೊಡೆತ ತಿನ್ನದಿರಲು ಬೇರು ಕಟ್ಟಿಕೊಂಡವನದು ಮೌಢ್ಯ. ಇವೆರಡರಲ್ಲಿ ಯಾವುದಕ್ಕೆ ಪ್ರಮಾಣ ಹೆಚ್ಚಿತ್ತು ಎಂದು ಸಿದ್ಧ ಕಥೆ ಹೇಳುವವರು ಉತ್ತರಿಸಬೇಕು. ಬಿಡುಗಡೆಯ ನಂತರ ಇದೇ ಗೆರೆ ಕಪ್ಪು ಜನರ ಚರ್ಚಿನೊಳಗೂ ಇಳಿಯಿತು. ವರ್ತುಲವಾಗಿ ಸುತ್ತುತ್ತ, ಕೈತಟ್ಟುತ್ತ, ಕಾಲು ಜಾರಿಸುತ್ತ ಹಾಡುವ ಆರಾಧನೆಯನ್ನು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪ್ ಡೇನಿಯಲ್ ಪೇನ್ ಅನಾಗರಿಕ ಎಂದು ತಡೆಯಲೆತ್ನಿಸಿದ. ವರ್ತುಲವಿಲ್ಲದೆ ಪಾಪಿಗಳು ಪರಿವರ್ತನೆ ಹೊಂದುವುದೇ ಇಲ್ಲ ಎಂಬ ಉತ್ತರ ಅವನಿಗೆ ಸಿಕ್ಕಿತೆಂದು ಅವನೇ 1888ರ ನೆನಪುಗಳಲ್ಲಿ ಬರೆದಿದ್ದಾನೆ. ಪೇನ್‌ಗೆ ಅದು ಧರ್ಮಕ್ಕಂಟಿದ ಕಿಲುಬು, ಸುತ್ತಿ ಹಾಡುವವರಿಗೆ ಅದು ಧರ್ಮದ ಜೀವ.

ಮೂರನೆಯ ಪೂರ್ವಪಕ್ಷ ಎಲ್ಲಕ್ಕಿಂತ ಗಂಭೀರವಾದದ್ದು: ನಂಬಿಕೆಗಳು ಜನರನ್ನು ಘಾಸಿಗೊಳಿಸುತ್ತವೆ. ನಿಜ. 1892ರ ಮಾರ್ಚಿನಲ್ಲಿ ರೋಡ್ ಐಲೆಂಡಿನ ಎಕ್ಸೆಟರ್ ಹಳ್ಳಿಯಲ್ಲಿ ಕ್ಷಯದಿಂದ ತೀರಿಕೊಂಡಿದ್ದ ಮರ್ಸಿ ಬ್ರೌನ್ ಎಂಬ ಹತ್ತೊಂಬತ್ತರ ಹುಡುಗಿಯ ಶವವನ್ನು ಹೊರತೆಗೆದು, ಹೃದಯವನ್ನು ಸುಟ್ಟು, ಬೂದಿಯನ್ನು ಕಾಯಿಲೆ ಬಿದ್ದಿದ್ದ ಅವಳ ಅಣ್ಣ ಎಡ್ವಿನ್‌ಗೆ ಕುಡಿಸಿದರು. ಸತ್ತವರು ಬದುಕಿರುವ ನೆಂಟರ ಸತ್ವ ಹೀರುತ್ತಾರೆ ಎಂಬುದು ನ್ಯೂ ಇಂಗ್ಲೆಂಡಿನ ಕೆಲವು ಹಳ್ಳಿಗಳ ಹಳೆಯ ನಂಬಿಕೆ. ಎರಡು ತಿಂಗಳೊಳಗೆ ಎಡ್ವಿನ್ ತೀರಿಕೊಂಡ. ರಾಬರ್ಟ್ ಕೋಖ್ ಕ್ಷಯದ ಸೂಕ್ಷ್ಮಾಣುವನ್ನು ಗುರುತಿಸಿ ಆಗಲೇ ಹತ್ತು ವರ್ಷವಾಗಿತ್ತು. ಶವಪರೀಕ್ಷೆಗೆ ಬಂದಿದ್ದ ವೈದ್ಯ ಇದೆಲ್ಲ ಸಹಜ, ಅಸಾಧಾರಣವಾದದ್ದು ಏನೂ ಇಲ್ಲ ಎಂದೇ ಹೇಳಿದ್ದ. ಅವನ ಮಾತು ಕೇಳಿಯೂ ಊರವರು ಹೃದಯ ಸುಟ್ಟರು. ಸಿದ್ಧ ಕಥೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರಿಲ್ಲ ಅನ್ನಿಸಬಹುದು. ಆದರೆ ಆ ವೈದ್ಯನ ಕೈಯಲ್ಲಿ ಹೆಸರಿತ್ತು, ಮದ್ದಿರಲಿಲ್ಲ. ಬ್ರೌನ್ ಕುಟುಂಬದ ತಾಯಿಯೂ ಹಿರಿಯ ಮಗಳೂ ಅದೇ ರೋಗದಿಂದ ಸತ್ತಿದ್ದರು. ಒಳ್ಳೆಯ ಹವೆಗಾಗಿ ಎಡ್ವಿನ್ ಅಂದಿನ ವೈದ್ಯಪದ್ಧತಿಗೆ ತಕ್ಕಂತೆ ಕೊಲರಾಡೊಗೆ ಹೋಗಿ, ಗುಣವಾಗದೆ ಮರಳಿದ್ದ. ಕ್ಷಯಕ್ಕೆ ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ಅವರು ವಿಜ್ಞಾನವನ್ನು ತಳ್ಳಿಹಾಕಿ ಮಸಣಕ್ಕೆ ಹೋಗಲಿಲ್ಲ. ವಿಜ್ಞಾನ ಕೈಚೆಲ್ಲಿದ ಮೇಲೆ ಹೋದರು. ಆ ಪದ್ಧತಿಯನ್ನು ಕೊನೆಗಾಣಿಸಿದ್ದು ಉಪದೇಶಕ್ಕಿಂತ ಹೆಚ್ಚಾಗಿ ರೋಗವೇ ಹಿಮ್ಮೆಟ್ಟಿದ್ದು. ಹಾನಿ ಹಾನಿಯೇ, ಅದನ್ನು ತಡೆಯಲೇಬೇಕು. ಆದರೆ ಕಾರಣವನ್ನು ತಪ್ಪಾಗಿ ಗುರುತಿಸಿದವನು ತಡೆಯಲಾರ, ಹಂಗಿಸಬಲ್ಲ ಅಷ್ಟೆ.

ಹಂಗಿಸುವುದು ಕಾನೂನಾದಾಗ ಏನಾಗುತ್ತದೆ ಎಂಬುದನ್ನು 1883ರ ನಂತರದ ಪಶ್ಚಿಮ ಅಮೆರಿಕ ತೋರಿಸಿತು. ಆ ವರ್ಷ ಒಳನಾಡು ಇಲಾಖೆಯ ಕಾರ್ಯದರ್ಶಿ ಹೆನ್ರಿ ಟೆಲ್ಲರನ ಸೂಚನೆಯಂತೆ ಮೂಲನಿವಾಸಿಗಳ ಅಪರಾಧ ಸಂಹಿತೆ ಬಂತು. ಸೂರ್ಯನೃತ್ಯ ಅಪರಾಧ, ಪಾರಂಪರಿಕ ವೈದ್ಯ ತನ್ನ ವಿದ್ಯೆಯಿಂದ ಜನರನ್ನು ಹಿಡಿದಿಟ್ಟರೆ ಅಪರಾಧ, ಶಿಕ್ಷೆ ಪಡಿತರ ಕಡಿತ ಅಥವಾ ಸೆರೆ. ಧರ್ಮಸ್ವಾತಂತ್ರ್ಯವನ್ನು ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಬರೆದುಕೊಂಡಿದ್ದ ದೇಶಕ್ಕೆ ಇದು ಸಾಧ್ಯವಾದದ್ದು ಹೇಗೆ? ಅವರದು ಧರ್ಮವೇ ಅಲ್ಲ, ಮೌಢ್ಯ ಎಂದು ಮೊದಲೇ ತೀರ್ಮಾನಿಸಿದ್ದರಿಂದ. 1889ರ ಜನವರಿ 1ರ ಸೂರ್ಯಗ್ರಹಣದ ವೇಳೆ ನೆವಾಡದ ಪಾಯೂಟ್ ಜನಾಂಗದ ವೊವೋಕನಿಗೆ ಒಂದು ದರ್ಶನವಾಯಿತು: ಜಗಳ ಬಿಡಿ, ದುಡಿಯಿರಿ, ಈ ನೃತ್ಯ ಮಾಡಿ, ಸತ್ತವರು ಮರಳುತ್ತಾರೆ, ಲೋಕ ಹೊಸದಾಗುತ್ತದೆ. ಲಕೋಟಾ ಜನರಲ್ಲಿ ಈ ಪ್ರೇತನೃತ್ಯ ಹಬ್ಬಿದಾಗ ಸರ್ಕಾರ ಸೈನ್ಯ ಕಳಿಸಿತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಹೊಳೆಯ ಬಳಿ ನಡೆದ ಹತ್ಯಾಕಾಂಡದ ಬಳಿಕ 146 ಶವಗಳನ್ನು ಒಂದೇ ಗುಂಡಿಯಲ್ಲಿ ಹೂತರು. ಅವರಲ್ಲಿ ಹೆಂಗಸರು ಮಕ್ಕಳು ಬಹಳ. ಇದನ್ನು ಇನ್ನೊಂದು ಸಂಗತಿಯ ಪಕ್ಕದಲ್ಲಿಡಿ. ವಿಲಿಯಂ ಮಿಲ್ಲರ್ ಎಂಬ ಬ್ಯಾಪ್ಟಿಸ್ಟ್ ರೈತನ ಲೆಕ್ಕಾಚಾರ ನಂಬಿ 1844ರ ಅಕ್ಟೋಬರ್ 22ರಂದು ಸಾವಿರಾರು ಬಿಳಿಯರು ಕ್ರಿಸ್ತ ಇಳಿದು ಬರುತ್ತಾನೆ, ಲೋಕ ಕೊನೆಗೊಂಡು ಹೊಸದಾಗುತ್ತದೆ ಎಂದು ಕಾದರು. ಪತ್ರಿಕೆಗಳು ಗೇಲಿ ಮಾಡಿದವು, ಅಲ್ಲಲ್ಲಿ ಪುಂಡರು ಕಾಡಿದರು. ಕುದುರೆ ಸೈನ್ಯ ಮಾತ್ರ ಬರಲಿಲ್ಲ. ಆ ನಿರಾಶೆಯಿಂದಲೇ ಚಿಗುರಿದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥ 1863ರಲ್ಲಿ ವಿಧಿವತ್ತಾದ ಚರ್ಚಾಯಿತು. ಎರಡೂ ಕಡೆ ದರ್ಶನ ಒಂದೇ, ಕಾಯುವಿಕೆ ಒಂದೇ. ಇದನ್ನು ಅಂದೇ ಕಂಡವನೊಬ್ಬನಿದ್ದ: ಸರ್ಕಾರದ ಜನಾಂಗಶಾಸ್ತ್ರ ಕಚೇರಿಯ ಜೇಮ್ಸ್ ಮೂನಿ 1896ರ ವರದಿಯಲ್ಲಿ ಪ್ರೇತನೃತ್ಯವನ್ನು ಕೆಂಟಕಿಯ ಧರ್ಮಜಾಗೃತಿಯೂ ಸೇರಿದಂತೆ ಕ್ರೈಸ್ತ ಚಳವಳಿಗಳ ಜೊತೆಯಲ್ಲೇ ಇಟ್ಟು ವಿವೇಚಿಸಿದ.

ಕೊನೆಯ ಪೂರ್ವಪಕ್ಷ ವಿಚಾರವಾದಿ ಮಿತ್ರರದು. ಹೀಗೆ ವಾದಿಸಿದರೆ ಎಲ್ಲ ನಂಬಿಕೆಗಳೂ ಸಮ ಎಂದಾಗುವುದಿಲ್ಲವೇ, ಸತ್ಯಾಸತ್ಯದ ಪ್ರಶ್ನೆಯನ್ನೇ ಕೈಬಿಟ್ಟಂತಾಗುವುದಿಲ್ಲವೇ? ಇಲ್ಲ. ಟೋಪಿಯೊಳಗಿನ ಕಲ್ಲು ನಿಧಿ ತೋರಿಸಲಿಲ್ಲ, ಹೃದಯದ ಬೂದಿ ಕ್ಷಯ ವಾಸಿ ಮಾಡಲಿಲ್ಲ, ಸತ್ತ ಲಕೋಟಾಗಳು ಮರಳಲಿಲ್ಲ. 1844ರಲ್ಲಿ ಕ್ರಿಸ್ತನೂ ಇಳಿದು ಬರಲಿಲ್ಲ, ಕೇನ್ ರಿಜ್‌ನಲ್ಲಿ ನೆಲಕ್ಕುರುಳಿದವರ ಮೇಲೆ ಪವಿತ್ರಾತ್ಮ ಇಳಿದದ್ದಕ್ಕೂ ಬೇರೆ ಸಾಕ್ಷಿಯಿಲ್ಲ. ಸತ್ಯದ ಒರೆಗಲ್ಲನ್ನು ಬಳಸುವುದಾದರೆ ಎಲ್ಲದಕ್ಕೂ ಬಳಸಬೇಕು. ಬಡವನ ತಾಯಿತಕ್ಕೆ ತೀಡಿ ಪಾದ್ರಿಯ ಪೀಠದ ಮುಂದೆ ಜೇಬಿಗಿಳಿಸುವ ಒರೆಗಲ್ಲು ವಿಚಾರವಾದದ್ದಲ್ಲ, ಶಿಷ್ಟಾಚಾರದ್ದು. ಪ್ರಚಲಿತ ಕಥೆಯ ದೋಷ ಅದು ನಂಬಿಕೆಗಳನ್ನು ಟೀಕಿಸುತ್ತದೆ ಎಂಬುದಲ್ಲ, ಸಾಕಷ್ಟು ಟೀಕಿಸುವುದಿಲ್ಲ ಎಂಬುದು. ಗೌರವದ ಉಡುಪು ತೊಟ್ಟ ನಂಬಿಕೆಯನ್ನು ಅದು ಮುಟ್ಟುವುದೇ ಇಲ್ಲ.

ಆ ಕಥೆಯನ್ನು ಬಿಟ್ಟುಕೊಡದಿದ್ದರೆ ಆಮೇಲಿನ ಇತಿಹಾಸವೂ ಅರ್ಥವಾಗುವುದಿಲ್ಲ. 1874ರಲ್ಲಿ ಹೆನ್ರಿ ಓಲ್ಕಾಟ್ ಎಂಬವನು ಪತ್ರಿಕೆಗೆ ವರದಿ ಮಾಡಲೆಂದು ವರ್ಮಾಂಟಿನ ಚಿಟೆಂಡನ್ ಹಳ್ಳಿಯ ತೋಟದ ಮನೆಗೆ, ಆತ್ಮಗಳನ್ನು ಕರೆಸುತ್ತಿದ್ದ ಸೋದರರನ್ನು ನೋಡಲು ಹೋದ. ಅಲ್ಲಿ ಬ್ಲಾವಟ್‌ಸ್ಕಿ ಎಂಬ ಮಹಿಳೆಯ ಪರಿಚಯವಾಯಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಅವರ ಮುಂದಾಳತ್ವದಲ್ಲಿ ಥಿಯಾಸಫಿಕಲ್ ಸೊಸೈಟಿ ಹುಟ್ಟಿತು. 1882ರಲ್ಲಿ ಅದು ಮದರಾಸಿನ ಅಡ್ಯಾರಿಗೆ ಬಂದು ನೆಲೆಸಿ, ದಕ್ಷಿಣ ಭಾರತದ ಓದಿದ ವರ್ಗಕ್ಕೆ ತನ್ನ ಧರ್ಮವನ್ನು ಹೊಸದಾಗಿ ನೋಡುವ ಕನ್ನಡಕವನ್ನೂ ಕೊಟ್ಟಿತು. ಅಮೆರಿಕದ ಹಳ್ಳಿಮನೆಯ ದೆವ್ವದ ಸದ್ದು ನಮ್ಮ ವಕೀಲರ, ಅಧ್ಯಾಪಕರ ತತ್ತ್ವಚರ್ಚೆಯೊಳಗೆ ಸೇರಿಕೊಂಡದ್ದು ಶಾಲೆ ಕಲಿಯದವರ ಮೂಲಕವಲ್ಲ. ಓದು ನಂಬಿಕೆಯನ್ನು ಅಳಿಸುತ್ತದೆ ಎಂದು ಕಾಯುತ್ತ ಕುಳಿತವರು ಆ ಶತಮಾನದಿಂದ ಕಲಿಯಬೇಕಾದ ಪಾಠ ಇದು: ಓದು ನಂಬಿಕೆಗೆ ಪತ್ರಿಕೆ, ಪುಸ್ತಕ, ಸಂಘ, ಸಂವಿಧಾನಗಳನ್ನು ಒದಗಿಸುತ್ತದೆ. ಅವು ದಕ್ಕಿದವರ ನಂಬಿಕೆಯನ್ನು ಧರ್ಮವೆಂದೂ ದಕ್ಕದವರದನ್ನು ಮೌಢ್ಯವೆಂದೂ ಬರೆದಿಡುವ ಇತಿಹಾಸಕಾರ ಆ ಕಾಲದ ತೀರ್ಪನ್ನು ಪರಿಶೀಲಿಸುತ್ತಿಲ್ಲ, ಅದಕ್ಕೆ ಎರಡನೆಯ ಬಾರಿ ಸಹಿ ಹಾಕುತ್ತಿದ್ದಾನೆ.